ಮಗಳು ಸುಮ್ಮನೆ ಕುಳಿತದ್ದಕ್ಕೆ ಹಂಚಿದ ಪೇಢೆ

ನನ್ನ ಮಗಳು ತರಗತಿಯಲ್ಲಿ ಸುಮ್ಮನೆ ಕುಳಿತಳು ಎಂಬ ಸುದ್ದಿ ಬಂದ ದಿನ ನಾನು ಓಣಿಗೆಲ್ಲ ಪೇಢೆ ಹಂಚಿದೆ. ಮಗು ಹುಟ್ಟಿದರೆ ಹಂಚುತ್ತಾರೆ, ನೌಕರಿ ಸಿಕ್ಕರೆ ಹಂಚುತ್ತಾರೆ, ಪಂಚಾಯತಿ ಚುನಾವಣೆ ಗೆದ್ದರೆ ಹಂಚುತ್ತಾರೆ. ಎಂಟು ವರ್ಷದ ಹುಡುಗಿ ಒಂದು ಪೀರಿಯಡ್ ಪೂರ್ತಿ ಅಲುಗಾಡದೆ ಕುಳಿತಳೆಂದು ಹಂಚಿದವನು ನಮ್ಮ ಊರಿನಲ್ಲಿ ನಾನೊಬ್ಬನೇ ಇರಬೇಕು. ಅವಳು ಹೇಗೆ ಕುಳಿತಿದ್ದಳು ಎಂದು ತಿಳಿದ ಮೇಲೆ, ಆ ಪೇಢೆ ತಿಂದವರ ಎದುರಿಗೆ ಹಾಯುವುದಕ್ಕೂ ನನಗೆ ನಾಚಿಕೆಯಾಗತೊಡಗಿತು. ಓಣಿಯಲ್ಲಿ ಯಾರಿಗೂ ಬಾಯಿಬಿಟ್ಟು ಹೇಳಿಲ್ಲ. ಬರೆಯುವಾಗ ಎದುರಿಗೆ ಯಾರೂ ಇರುವುದಿಲ್ಲವಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ನಮ್ಮದು ಮೂಡಲಗಿ ತಾಲೂಕಿನ ಒಂದು ಹಳ್ಳಿ. ಅಜ್ಜನ ಕಾಲಕ್ಕೆ ಕುರಿ ಹಿಂಡು, ಅಪ್ಪನ ಕಾಲಕ್ಕೆ ಅರ್ಧ ಕುರಿ ಅರ್ಧ ಕಬ್ಬು, ನನ್ನ ಕಾಲಕ್ಕೆ ಕಬ್ಬು ಮತ್ತು ನಾಲ್ಕು ಆಡು. ಸಂಬಳಕ್ಕೆಂದು ಪಂಚಾಯತಿಯ ಗ್ರಂಥಾಲಯ ನೋಡಿಕೊಳ್ಳುತ್ತೇನೆ. ‘ಸದ್ದು ಮಾಡಬೇಡಿ’ ಎಂಬ ಫಲಕದ ಕೆಳಗೆ ಕುಳಿತು, ಪೇಪರ್ ಓದಲು ಬಂದ ಮುದುಕರಿಗೆ ದಿನವಿಡೀ ಅದನ್ನೇ ಹೇಳುವುದು ನನ್ನ ಕೆಲಸ. ಆದರೆ ಊರು ನನ್ನನ್ನು ಗುರುತಿಸುವುದು ಡೊಳ್ಳಿನ ಪದದಿಂದ. ಎರಡು ಮೇಳಗಳು ಎದುರುಬದುರು ನಿಂತು, ಡೊಳ್ಳು ಬಾರಿಸುತ್ತ, ಒಬ್ಬರ ಪದಕ್ಕೆ ಇನ್ನೊಬ್ಬರು ಪದದಲ್ಲಿಯೇ ಉತ್ತರ ಕೊಡುವ ಹಾಡಿಕೆ ಅದು. ನಮ್ಮ ಮೇಳದ ಮುಂದಾಳು ನಾನು.

ನಮ್ಮ ಮೇಳದಲ್ಲಿ ಒಂದು ರೂಢಿಯಿದೆ. ಪದ ಶುರುವಾಗುವ ಮೊದಲು ಮುಂದಾಳು ಒಂದು ದನಿ ಎತ್ತಬೇಕು. ಒಂದೇ ಉಸಿರಿನಲ್ಲಿ ಅದನ್ನು ಎಷ್ಟು ದೂರ ಎಳೆಯುತ್ತಾನೆಂದು ಕುಳಿತವರು ಚಪ್ಪಾಳೆ ತಟ್ಟಿ ಎಣಿಸುತ್ತಾರೆ. ಎದುರಿನವನಿಗಿಂತ ಹೆಚ್ಚು ಎಳೆದವನಿಗೆ ರುಮಾಲು ಸುತ್ತುತ್ತಾರೆ. ನನ್ನ ಟ್ರಂಕಿನಲ್ಲಿ ಅಂಥ ರುಮಾಲುಗಳ ಒಂದು ಒಟ್ಟಿಲೇ ಇದೆ. ಈ ದಮ್ಮು ನನಗೆ ಸುಮ್ಮನೆ ಬಂದದ್ದಲ್ಲ. ಹತ್ತು ವರ್ಷದವನಿದ್ದಾಗ ಕಾಕಾ ನನ್ನನ್ನು ಕಾಲುವೆಯಲ್ಲಿ ಕುತ್ತಿಗೆ ಮಟ್ಟ ನಿಲ್ಲಿಸಿ, ತಲೆ ಒತ್ತಿ ಮುಳುಗಿಸಿ, ದಂಡೆಯ ಮೇಲೆ ಬೀಡಿ ಸೇದುತ್ತ ಎಣಿಸುತ್ತಿದ್ದ. ಬೇಗ ಎದ್ದರೆ ಇನ್ನೊಮ್ಮೆ ಮುಳುಗಬೇಕು. ಉಸಿರು ಹಿಡಿಯಲು ಬಂದವನಿಗೆ ಉಸಿರು ಬಿಡಲು ತಾನೇ ಬರುತ್ತದೆ ಎಂಬುದು ಅವನ ಲೆಕ್ಕ. ನಾನು ಅದನ್ನು ಕ್ರೌರ್ಯವೆಂದು ಒಂದು ದಿನವೂ ಅಂದುಕೊಂಡಿರಲಿಲ್ಲ. ವಿದ್ಯೆಯೆಂದರೆ ಹೀಗೇ ಎಂದುಕೊಂಡಿದ್ದೆ.

ಮಗಳ ಕಥೆ ಬೇರೆ. ಅವಳು ನಡೆಯಲು ಕಲಿಯಲಿಲ್ಲ, ನೇರವಾಗಿ ಓಡಿದಳು. ಊಟಕ್ಕೆ ಕುಳಿತರೆ ಒಂದು ತುತ್ತಿಗೂ ಇನ್ನೊಂದು ತುತ್ತಿಗೂ ನಡುವೆ ಅಂಗಳಕ್ಕೆ ಹೋಗಿ ಬರುತ್ತಿದ್ದಳು. ತಲೆ ಬಾಚುವುದಕ್ಕೆ ಇಬ್ಬರು ಬೇಕು, ಒಬ್ಬರು ಹಿಡಿಯಲು, ಒಬ್ಬರು ಬಾಚಲು. ಹೇಳಿದ ಮಾತು ಮುಗಿಯುವುದರೊಳಗೆ ಅವಳ ಲಕ್ಷ್ಯ ಗೋಡೆಯ ಮೇಲಿನ ಹಲ್ಲಿಯ ಬೆನ್ನು ಹತ್ತಿರುತ್ತಿತ್ತು. ಮೂಡಲಗಿಯ ಖಾಸಗಿ ಶಾಲೆಗೆ ಹಾಕಿದ್ದೆವು. ಮೂರನೇ ಇಯತ್ತೆಗೆ ಬರುವಷ್ಟರಲ್ಲಿ ಪಾಠ ಹೇಳುವ ಅಕ್ಕೋರ ಫೋನು ವಾರಕ್ಕೆ ಎರಡು ಸಲ ಬರತೊಡಗಿತು. ಒಮ್ಮೆ ಗಣಿತದ ನಡುವೆ ಎದ್ದು ಹೋಗಿ, ಆಟದ ಬಯಲಿನಲ್ಲಿ ಮೇಯುತ್ತಿದ್ದ ಆಡಿನ ಜೊತೆ ಮಾತಾಡುತ್ತ ನಿಂತಿದ್ದಳಂತೆ. ಕುರುಬರ ಮಗಳು, ಆಡು ಕಂಡರೆ ಬಿಡುತ್ತಾಳೆಯೇ ಎಂದು ನಾನು ನಕ್ಕೆ. ಶಾಲೆಯವರು ನಗಲಿಲ್ಲ. ದೀಪಾವಳಿ ಸೂಟಿಯ ನಂತರವೂ ಹುಡುಗಿ ಕುಳಿತುಕೊಳ್ಳಲು ಕಲಿಯದಿದ್ದರೆ ವರ್ಗಾವಣೆ ಪತ್ರ ತೆಗೆದುಕೊಂಡು ಹೋಗಿ ಎಂದರು.

ಮನೆಯಲ್ಲಿ ಎಲ್ಲ ನಡೆಯಿತು. ನನ್ನ ಅವ್ವ ದಾರ ಕಟ್ಟಿಸಿದಳು, ಹಣೆಗೆ ದೇವರ ಭಂಡಾರದ ಅರಿಶಿನ ಹಚ್ಚಿದಳು. ನಾನು ಎರಡು ಏಟೂ ಹಾಕಿದೆ. ಅದನ್ನು ಮುಚ್ಚಿಡುವುದಿಲ್ಲ. ಕೊನೆಗೆ ಹೆಂಡತಿ ಹಟ ಹಿಡಿದು ಗೋಕಾಕದ ಮಕ್ಕಳ ಡಾಕ್ಟರರ ಹತ್ತಿರ ಕರೆದುಕೊಂಡು ಹೋದಳು. ಅವರು ಎರಡು ಮೂರು ಸಲ ಕರೆಸಿ, ನೋಡಿ, ಶಾಲೆಯಿಂದಲೂ ಬರೆಸಿ ತರಿಸಿಕೊಂಡು, ಇದಕ್ಕೆ ಎಡಿಎಚ್‌ಡಿ ಎನ್ನುತ್ತಾರೆ ಎಂದರು. ಹುಡುಗಿ ಬೇಕೆಂದೇ ಮಾಡುತ್ತಿಲ್ಲ, ಅವಳ ಮಿದುಳಿಗೆ ಒಂದು ಕಡೆ ನಿಲ್ಲುವುದು ಬೇರೆಯವರಿಗಿಂತ ಕಷ್ಟ, ಅಷ್ಟೇ ಎಂದು ತಿಳಿಸಿ ಹೇಳಿದರು. ಔಷಧದ ಮಾತು ಮುಂದೆ ನೋಡೋಣ, ಮೊದಲು ತಂದೆತಾಯಿಯೂ ಮಗುವೂ ಸೇರಿ ಕಲಿಯುವುದಿದೆ ಎಂದು, ಸಂಗೀತದ ಜೊತೆ ಉಸಿರಾಟ ಕಲಿಸುವ ಒಬ್ಬ ಮೇಡಂ ಅವರ ವಿಳಾಸ ಕೊಟ್ಟರು. ಇದರಿಂದ ರೋಗ ವಾಸಿಯಾಗುತ್ತದೆಂದು ತಿಳಿಯಬೇಡಿ, ಸ್ವಲ್ಪ ಆಸರೆಯಾಗುತ್ತದೆ ಎಂದೂ ಹೇಳಿದರು. ನನ್ನ ಕಿವಿಗೆ ಬಿದ್ದದ್ದು ಸಂಗೀತ ಮತ್ತು ಉಸಿರು ಎಂಬ ಎರಡೇ ಶಬ್ದ. ಇವೆರಡೂ ನಮ್ಮ ಹಿತ್ತಲ ಬೆಳೆ, ಇದನ್ನು ನನಗೆ ಕಲಿಸುವವರು ಯಾರು ಎಂದು ಒಳಗೊಳಗೇ ಉಬ್ಬಿದೆ.

ಶನಿವಾರ ಬೆಳಗಿನ ಶಾಲೆ. ಅದು ಬಿಟ್ಟ ಮೇಲೆ ಬಸ್ಸು ಹತ್ತಿ ಮೂವರೂ ಗೋಕಾಕಕ್ಕೆ ಹೋಗುತ್ತಿದ್ದೆವು. ಬಟ್ಟೆ ಅಂಗಡಿಯೊಂದರ ಮೇಲಿನ ಕೋಣೆ, ನೆಲಕ್ಕೆ ಜಮಖಾನೆ, ಮೂಲೆಯಲ್ಲಿ ಹಾರ್ಮೋನಿಯಂ. ನಮ್ಮ ಕಡೆ ಅದಕ್ಕೆ ಪೇಟಿ ಎನ್ನುತ್ತೇವೆ. ಹಾಗಾಗಿ ಕಲಿಸುವವರು ನಮ್ಮ ಮನೆಯಲ್ಲಿ ಪೇಟಿ ಮೇಡಂ ಆದರು. ನಡುವಯಸ್ಸಿನವರು, ಮೆಲುದನಿಯವರು. ಆರೇಳು ಮಕ್ಕಳು, ಅವರವರ ತಂದೆಯೋ ತಾಯಿಯೋ. ಮೊದಲ ದಿನ ಆ ಕೋಣೆ ಸಂತೆಯಾಗಿತ್ತು. ನನ್ನ ಮಗಳಂಥವರೇ ಇನ್ನೈದು ಮಂದಿಯನ್ನು ಒಂದೇ ಕಡೆ ನೋಡಿ, ಊರಲ್ಲೆಲ್ಲ ನಾವೊಬ್ಬರೇ ಅಲ್ಲವಲ್ಲ ಎಂದು ಹೆಂಡತಿ ಕಣ್ಣೊರೆಸಿಕೊಂಡಳು.

ಮೇಡಂ ಮಾಡಿಸುತ್ತಿದ್ದುದು ಬಹಳ ಸರಳ. ಮಗು ಮುಂದೆ ಕುಳಿತುಕೊಳ್ಳಬೇಕು, ದೊಡ್ಡವರು ಅದರ ಬೆನ್ನಿಗೆ ಅಂಗೈ ಇಟ್ಟು ಹಿಂದೆ. ಮೇಡಂ ಪೇಟಿಯಲ್ಲಿ ಒಂದು ಸ್ವರ ಹಿಡಿಯುತ್ತಾರೆ. ಮಗು ಮೂಗಿನಿಂದ ಉಸಿರು ತಗೊಂಡು, ಬಾಯಿ ಮುಚ್ಚಿ, ದುಂಬಿಯ ಹಾಗೆ ಗುಂಯ್‌ಗುಡುತ್ತ ಅದನ್ನು ನಿಧಾನವಾಗಿ ಬಿಡಬೇಕು. ಅಂಗೈಯಲ್ಲಿ ಅದರ ಉಸಿರು ಗೊತ್ತಾಗುತ್ತದಲ್ಲ, ಅದನ್ನು ಹಿಂಬಾಲಿಸಿ ದೊಡ್ಡವರೂ ಗುಂಯ್‌ಗುಡಬೇಕು. ಮಗು ನಿಲ್ಲಿಸಿದರೆ ನಿಲ್ಲಿಸಬೇಕು, ನಕ್ಕರೆ ನಗಬೇಕು. ಎಣಿಸಬಾರದು. ಉಸಿರು ಹಿಡಿಸಬಾರದು. ಶಾಬಾಶ್ ಅನ್ನಲೂಬಾರದು. ಶಾಬಾಶ್ ಅಂದರೆ ಮಗು ನಿಮಗಾಗಿ ಉಸಿರಾಡಲು ಶುರು ಮಾಡುತ್ತದೆ ಎಂದು ಅವರು ಹೇಳಿದ್ದು ನನಗೆ ಆಗ ಒಗಟಿನ ಹಾಗೆ ಕೇಳಿಸಿತ್ತು.

ಮೊದಲ ದಿನವೇ ನಾನು ದನಿ ಎತ್ತಿಬಿಟ್ಟೆ. ಮಗಳು ನಾಲ್ಕು ಮಾತ್ರೆಗೆ ನಿಲ್ಲಿಸಿ ಕಿಸಿಕಿಸಿ ನಕ್ಕಳು. ನನ್ನದು ಮುಂದುವರಿಯಿತು. ಉಳಿದ ತಂದೆತಾಯಿಗಳೆಲ್ಲ ನಿಲ್ಲಿಸಿ ನನ್ನತ್ತ ನೋಡತೊಡಗಿದರು. ಯಾರಾದರೂ ಚಪ್ಪಾಳೆ ತಟ್ಟಿಯಾರೆಂದು ನಾನು ಇನ್ನಷ್ಟು ಎಳೆದೆ. ಮೇಡಂ ಪೇಟಿಯ ಮೇಲಿನ ಕೈ ತೆಗೆದರು.

“ಅಣ್ಣಾರ, ನಿಮ್ಮ ದನಿ ಭಾಳ ಛಲೋ ಐತ್ರಿ. ಆದ್ರ ಇಲ್ಲಿ ನೀವು ಹಾಡಾಕ ಬಂದಿಲ್ಲ, ಕೇಳಾಕ ಬಂದೀರಿ. ಆಕಿ ಎಲ್ಲಿ ನಿಲ್ಲಸ್ತಾಳ, ಅಲ್ಲೇ ನೀವೂ ನಿಲ್ಲಸ್ರಿ.”

ಇಷ್ಟು ವರ್ಷ ನಾನು ಎತ್ತಿದ ದನಿಯ ಹಿಂದೆ ಊರು ಬಂದಿದೆ. ಎಂಟು ವರ್ಷದ ಹುಡುಗಿಯ ಹಿಂದೆ ನಾನು ಹೋಗಬೇಕೆಂದರೆ ನನಗೆ ಸಿಟ್ಟೇ ಬಂತು. ಆ ದಿನ ಬಸ್ಸಿನಲ್ಲಿ ದಾರಿಯುದ್ದಕ್ಕೂ ಹೆಂಡತಿಯ ಮುಂದೆ ಗೊಣಗಿದೆ. ಮಗಳು ಮಾತ್ರ ಕಿಟಕಿಯ ಸರಳಿಗೆ ತುಟಿ ಹಚ್ಚಿಕೊಂಡು ಗುಂಯ್‌ಗುಡುತ್ತ, ಸರಳು ತುಟಿಗೆ ಕಚಗುಳಿ ಇಡುತ್ತದೆಂದು ನಗುತ್ತ ಬಂದಳು. ಅವಳಿಗೆ ಅದು ಬಹಳ ಸೇರಿತ್ತು. ಎರಡು ಮೂರು ವಾರ ಕಳೆದ ಮೇಲೆ ಊಟಕ್ಕೆ ಮೊದಲು ತಾನೇ ತನ್ನ ತಾಯಿಯ ಮುಂದೆ ಬೆನ್ನು ಕೊಟ್ಟು ಕುಳಿತುಕೊಳ್ಳುತ್ತಿದ್ದಳು. ಆ ಮೇಲೆ ನಾಲ್ಕು ತುತ್ತು ಒಂದೇ ಕಡೆ ಕುಳಿತು ತಿನ್ನುತ್ತಿದ್ದಳು. ನನಗೆ ನಾಲ್ಕು ತುತ್ತು ಸಾಲದು. ದೀಪಾವಳಿ ಹತ್ತಿರ ಬರುತ್ತಿತ್ತು.

ಆಗ ನನಗೆ ಬುದ್ಧಿ ಓಡಿತು. ಹಾಗೆಂದು ಆಗ ಅಂದುಕೊಂಡಿದ್ದೆ. ಒಂದು ಬೆಳಿಗ್ಗೆ ಕಟ್ಟೆಯ ಮೇಲೆ ಮಗಳನ್ನು ಕೂರಿಸಿ, ಆಟದ ಹಾಗೆ ದಮ್ಮು ಹಿಡಿಸಿ, ಚಪ್ಪಾಳೆ ತಟ್ಟಿ ಎಣಿಸಿದೆ. ಉಸಿರು ಹಿಡಿದಷ್ಟು ಹೊತ್ತೂ ಅವಳ ಕೈ ಅಲುಗಲಿಲ್ಲ, ಕಾಲು ಅಲುಗಲಿಲ್ಲ, ಕಣ್ಣು ಸಹ ಅತ್ತಿತ್ತ ಹೋಗಲಿಲ್ಲ. ನನ್ನ ಮೈ ಜುಮ್ಮೆಂದಿತು. ಡಾಕ್ಟರಿಗೆ ಸಿಗದ ಕೀಲಿಕೈ ಡೊಳ್ಳಿನ ಪದದವನಿಗೆ ಸಿಕ್ಕಿತಲ್ಲ ಎಂದು ಬೀಗಿದೆ. ಪೇಟಿ ಮೇಡಂ ಗುಂಯ್‌ಗುಡಿಸುವುದು ಮಕ್ಕಳಾಟ, ಖರೆ ವಿದ್ಯೆ ನಮ್ಮದು ಎಂದುಕೊಂಡೆ. ನಮ್ಮ ಓಣಿಯಲ್ಲಿ ಕಾಲುವೆ ಕಂಡ ಯಾವ ಹಾಡುಗಾರನಾದರೂ ಹಾಗೇ ಅಂದುಕೊಳ್ಳುತ್ತಿದ್ದ.

ಆ ದಿನ ಅವಳ ಪಾಟಿಚೀಲ ಹೆಗಲಿಗೆ ಹಾಕುತ್ತ ನಾನು ಹೇಳಿದ ಮಾತು ಇದು. ಒಂದಕ್ಷರವೂ ಮರೆತಿಲ್ಲ.

“ಅಕ್ಕೋರು ಸುಮ್ಮ ಕುಂಡ್ರು ಅಂದಾಗ ಕೈಕಾಲ ಕಡೆ ಲಕ್ಷ್ಯ ಕೊಡಬ್ಯಾಡ ಮಗಳ. ದಮ್ ಹಿಡಿ. ಕೈಕಾಲು ತಾವ ನಿಲ್ತಾವ.”

ದಿನಾ ಬೆಳಿಗ್ಗೆ ಅಭ್ಯಾಸ ನಡೆಯಿತು. ಹೆಚ್ಚು ಹಿಡಿದ ದಿನ ಅವಳ ತಲೆಗೆ ನನ್ನ ರುಮಾಲು ಸುತ್ತುತ್ತಿದ್ದೆ. ಅದು ಕಣ್ಣಿನ ಮೇಲೆ ಜಾರುತ್ತಿತ್ತು. ಅದನ್ನು ಎರಡೂ ಕೈಯಿಂದ ಹಿಡಿದುಕೊಂಡು ಅವಳು ನನ್ನ ಮುಖ ನೋಡುತ್ತಿದ್ದಳು. ನಾನು ಶಾಬಾಶ್ ಎನ್ನುತ್ತಿದ್ದೆ. ಹದಿನೈದು ದಿನಕ್ಕೆ ಅಕ್ಕೋರ ಫೋನು ಬಂತು. ಏನು ಔಷಧ ಕೊಟ್ಟಿರಿ ಎಂದು ಕೇಳಿದರು. ಹುಡುಗಿ ಗೊಂಬೆಯ ಹಾಗೆ ಕುಳಿತುಕೊಳ್ಳುತ್ತಾಳೆ, ಉಳಿದ ಮಕ್ಕಳಿಗೆ ಅವಳನ್ನೇ ತೋರಿಸುತ್ತೇನೆ ಎಂದರು. ವರ್ಗಾವಣೆ ಪತ್ರದ ಮಾತು ಅಲ್ಲಿಗೆ ಬಿತ್ತು. ನಾನು ಆ ಸಂಜೆಯೇ ಮೂಡಲಗಿಗೆ ಹೋಗಿ ಪೇಢೆ ತಂದೆ.

ಗೋಕಾಕಕ್ಕೆ ಹೋಗುವುದು ಇನ್ನೇಕೆ ಎಂದು ಎರಡು ಶನಿವಾರ ತಪ್ಪಿಸಿದೆ. ಮನೆ ಅಷ್ಟು ಶಾಂತವಾಗಿದ್ದದ್ದು ನನಗೆ ನೆನಪೇ ಇಲ್ಲ. ಸಂಜೆ ಗ್ರಂಥಾಲಯದ ಬಾಗಿಲು ಹಾಕಿ ಗಾಡಿಯಲ್ಲಿ ಬಂದರೆ ಮಗಳು ಪುಸ್ತಕ ಹಿಡಿದು ಗೋಡೆಗೆ ಒರಗಿ ಕುಳಿತಿರುತ್ತಿದ್ದಳು. ನಾನು ಚಹಾ ಕುಡಿದು, ಪೇಪರ್ ಬಿಡಿಸಿ, ಆಹಾ ಎಂದು ಕಾಲು ಚಾಚುತ್ತಿದ್ದೆ. ಹೆಂಡತಿಗೆ ಮಾತ್ರ ಸಮಾಧಾನವಿರಲಿಲ್ಲ. ಹುಡುಗಿ ಶಾಲೆಯಿಂದ ಬಂದವಳೇ ತಲೆನೋವೆಂದು ಮಲಗುತ್ತಾಳೆ, ಬಾಯ್ತುಂಬ ಆಕಳಿಸುತ್ತಾಳೆ, ಮುದುಕಿಯ ಹಾಗೆ ನಿಟ್ಟುಸಿರು ಬಿಡುತ್ತಾಳೆ ಎಂದು ಹೇಳುತ್ತಲೇ ಇದ್ದಳು. ಓದುವ ಮಕ್ಕಳಿಗೆ ತಲೆ ನೋಯುವುದು ಇದ್ದದ್ದೇ ಎಂದು ನಾನು ಮಾತು ಮುರಿದೆ.

“ನೀವು ಎಲ್ಲಾ ಎಣಸ್ತೀರಿ,” ಎಂದಳು ಅವಳು. “ಹುಡುಗಿ ನಕ್ಕು ಎಷ್ಟ ದಿನ ಆತು, ಅದನ್ನೊಂದ ಎಣಿಸೀರೇನ್ರಿ?”

ನಾನು ಪೇಪರಿನ ಮುಂದಿನ ಪುಟ ತಿರುವಿದೆ.

ಹುಕ್ಕೇರಿ ನನ್ನ ಹೆಂಡತಿಯ ತವರು. ಅವಳ ತಮ್ಮನ ಮಗುವನ್ನು ತೊಟ್ಟಿಲಿಗೆ ಹಾಕುವ ಕಾರ್ಯಕ್ಕೆ ಹೋದೆವು. ಅದೇ ಮನೆಯಲ್ಲಿ ಹಿಂದಿನ ವರ್ಷ ನನ್ನ ಮಗಳು ಓಡಾಡುತ್ತ ಪಾಯಸದ ಪಾತ್ರೆಗೆ ಕಾಲು ತಾಗಿಸಿ ಚೆಲ್ಲಿದ್ದಳು. ಆಗ ಬಳಗದವರು ಆಡಿದ ಮಾತು ನನ್ನ ಎದೆಯಲ್ಲಿ ಮುಳ್ಳಾಗಿ ಉಳಿದಿತ್ತು. ಊಟಕ್ಕೆ ಇನ್ನೂ ಹೊತ್ತಿತ್ತು. ಪಡಸಾಲೆ ತುಂಬ ಜನ. ಹುಡುಗಿ ಈಗ ಹೇಗಿದ್ದಾಳೆ ಎಂದು ಒಬ್ಬರು ಕೇಳಿದ್ದೇ ನೆಪ, ತೋರಿಸುತ್ತೇನೆ ನೋಡಿ ಎಂದು ಅವಳನ್ನು ನಡುವೆ ಕೂರಿಸಿದೆ. ಬ್ಯಾಡ್ರಿ ಎಂದು ಹೆಂಡತಿ ಅಡಿಗೆಮನೆಯ ಬಾಗಿಲಿನಿಂದ ಹೇಳಿದ್ದು ಕೇಳಿಸಿತು. ಕೇಳಿಸದವನ ಹಾಗೆ ಇದ್ದೆ. ನಾನು ಚಪ್ಪಾಳೆ ಶುರು ಮಾಡಿದೆ, ಜನ ಸೇರಿಕೊಂಡರು. ಹತ್ತು, ಇಪ್ಪತ್ತು, ಮೂವತ್ತು. ಎಲ್ಲರೂ ನಗುತ್ತಿದ್ದರು. ಮಗಳು ನಗುತ್ತಿರಲಿಲ್ಲ. ಅವಳ ಕಣ್ಣು ನನ್ನ ಮುಖದ ಮೇಲೆ ಇತ್ತು. ಕೆನ್ನೆ ಉಬ್ಬಿ ಕೆಂಪಾಯಿತು, ಆಮೇಲೆ ಆ ಕೆಂಪು ಇಳಿದು ತುಟಿಯ ಸುತ್ತ ಬಣ್ಣ ಕೆಟ್ಟಿತು. ಸಾಕು ಎಂದು ನಾನು ಹೇಳಬೇಕಿತ್ತು. ಇನ್ನು ಐದು ಎಂದುಕೊಂಡೆ.

ಅವಳು ಬಲಕ್ಕೆ ವಾಲಿದಳು. ಹಾಗೇ ಬಿದ್ದಳು. ತಲೆ ತೊಟ್ಟಿಲ ಕಾಲಿಗೆ ಬಡಿದ ಸದ್ದಿಗೆ ಒಳಗಿದ್ದ ಕೂಸು ಎದ್ದು ಅಳತೊಡಗಿತು. ನನ್ನ ಕೈಗಳು ಇನ್ನೂ ಚಪ್ಪಾಳೆಗೆಂದು ಎತ್ತಿದಂತೆಯೇ ಇದ್ದವು. ನನಗೆ ಎದ್ದು ಹೋಗಲು ಆಗಲಿಲ್ಲ. ಹೆಂಡತಿ ಓಡಿ ಬಂದು ತೊಡೆಯ ಮೇಲೆ ಹಾಕಿಕೊಂಡಳು. ನಾಲ್ಕಾರು ಕ್ಷಣ ಇರಬೇಕು, ಮಗಳು ದೊಡ್ಡದಾಗಿ ಉಸಿರೆಳೆದು ಕಣ್ಣು ಬಿಟ್ಟಳು. ಬಿಟ್ಟವಳೇ ಹುಡುಕಿದ್ದು ನನ್ನನ್ನು. “ಎಷ್ಟ ಆತು ಅಪ್ಪಾ?” ಎಂದು ಕೇಳಿದಳು.

ಹುಕ್ಕೇರಿಯ ಡಾಕ್ಟರು ತಲೆಯ ಗಾಯಕ್ಕೆ ಪಟ್ಟಿ ಹಾಕಿದರು. ಉಸಿರು ಬಹಳ ಹೊತ್ತು ಹಿಡಿದು ಕಣ್ಣಿಗೆ ಕತ್ತಲೆ ಕವಿದಿದೆ, ಸದ್ಯಕ್ಕೆ ಅಪಾಯವಿಲ್ಲ, ಆದರೆ ಇದು ಆಟವಲ್ಲ ಎಂದರು. ಇದನ್ನು ಕಲಿಸಿದವರು ಯಾರು ಎಂದು ನೇರವಾಗಿ ನನ್ನನ್ನೇ ಕೇಳಿದರು. ನಾನು ಏನು ಹೇಳಿದೆ ಗೊತ್ತೇ? ಗೋಕಾಕದಲ್ಲಿ ಸಂಗೀತದ ಉಸಿರಾಟದ ಕ್ಲಾಸಿಗೆ ಹಾಕಿದ್ದೇವೆ, ಅಲ್ಲಿ ಕಲಿಸಿದ್ದಾರೆ ಎಂದೆ. ಹೆಂಡತಿ ನನ್ನನ್ನು ನೋಡಿದ ರೀತಿಯನ್ನು ನಾನು ಬರೆಯಲಾರೆ. ಮಗಳು ಸುಮ್ಮನೆ ಕೇಳಿಸಿಕೊಂಡಳು. ಸುಳ್ಳನ್ನು ಒಮ್ಮೆ ಬಾಯಿಂದ ಬಿಟ್ಟ ಮೇಲೆ ಅದನ್ನೇ ನಂಬುವುದು ಎಷ್ಟು ಸುಲಭ! ಶನಿವಾರ ಬರುವಷ್ಟರಲ್ಲಿ, ತಪ್ಪೆಲ್ಲ ಆ ಪೇಟಿ ಮೇಡಂದೇ ಎಂದು ನಾನು ನಿಜವಾಗಿಯೂ ಸಿಟ್ಟಾಗಿದ್ದೆ.

ಆ ಶನಿವಾರ ಕ್ಲಾಸು ಮುಗಿದು ಎಲ್ಲರೂ ಹೋಗುವವರೆಗೆ ಕಾದು ಮೆಟ್ಟಿಲು ಹತ್ತಿದೆ. ಹಿಂದೆ ಹೆಂಡತಿ, ಅವಳ ಕೈ ಹಿಡಿದು ಮಗಳು. ನನ್ನ ದನಿ ಗೊತ್ತಲ್ಲ, ಕೆಳಗಿನ ಬಟ್ಟೆ ಅಂಗಡಿಯವರಿಗೂ ಕೇಳುವ ಹಾಗೆ ಒದರಿದೆ. ಉಸಿರಿನ ಹೆಸರಿನಲ್ಲಿ ಮಕ್ಕಳನ್ನು ಕೊಲ್ಲುತ್ತೀರಾ, ಕಂಪ್ಲೇಂಟು ಕೊಡುತ್ತೇನೆ ಎಂದೆಲ್ಲ ಬಾಯಿಗೆ ಬಂದದ್ದು ಬೈದೆ. ಮೇಡಂ ನನ್ನನ್ನು ನೋಡುತ್ತಲೇ ಇರಲಿಲ್ಲ. ನನ್ನ ಹಿಂದೆ ಎಲ್ಲೋ ನೋಡುತ್ತಿದ್ದರು.

“ಅಣ್ಣಾರ, ಸ್ವಲ್ಪ ನಿಲ್ಲಸ್ರಿ,” ಎಂದರು. “ಆಕಿನ್ನ ನೋಡ್ರಿ.”

ತಿರುಗಿದೆ. ಮಗಳು ಗೋಡೆಗೆ ಆನಿಕೊಂಡು ನಿಂತಿದ್ದಳು. ಬಾಯಿ ಬಿಗಿದಿತ್ತು. ಕೈಗಳು ತೊಡೆಗೆ ಅಂಟಿದ್ದವು. ಎದೆ ಅಲುಗುತ್ತಿರಲಿಲ್ಲ. ಹಣೆಯ ಪಟ್ಟಿಯ ಕೆಳಗೆ ಆ ಎರಡು ಕಣ್ಣುಗಳು ಮತ್ತೆ ನನ್ನ ಮುಖದ ಮೇಲೆಯೇ ಇದ್ದವು. ಯಾರೂ ಎಣಿಸುತ್ತಿರಲಿಲ್ಲ. ಯಾರೂ ಹಿಡಿ ಎಂದಿರಲಿಲ್ಲ.

ಮೇಡಂ ಅವಳ ಹತ್ತಿರ ಹೋಗಿ ನೆಲಕ್ಕೆ ಕುಳಿತರು. ಮುಟ್ಟಲಿಲ್ಲ. ತಾವೇ ಮೆಲ್ಲಗೆ ಗುಂಯ್‌ಗುಡುತ್ತ ಒಂದು ಉಸಿರು ಬಿಟ್ಟರು, ಇನ್ನೊಂದು ಬಿಟ್ಟರು. ಮೂರನೆಯದಕ್ಕೆ ಮಗಳ ಬಾಯಿ ಬಿಚ್ಚಿತು, ಉಸಿರು ಸರಕ್ಕನೆ ಒಳಗೆ ಹೋಯಿತು. ಆಗ ಮೇಡಂ, ಊಟ ಆಯಿತೇ ಎಂದು ಕೇಳುವಷ್ಟು ಸಾದಾ ದನಿಯಲ್ಲಿ, ದಮ್ಮು ಯಾವ ಯಾವಾಗ ಹಿಡಿಯುತ್ತೀ ಎಂದು ಕೇಳಿದರು. ಮಗಳಿಗೆ ಅದು ಹೇಳಬಾರದ ವಿಷಯವೆಂದು ಅನಿಸಿದಂತೆ ಕಾಣಲಿಲ್ಲ. ಪಾಠ ಒಪ್ಪಿಸುವ ಹಾಗೆ ಹೇಳಿದಳು.

“ಅಕ್ಕೋರು ಬೋರ್ಡ್ ಬಿಟ್ಟ ನಮ್ಮ ಕಡೆ ತಿರುಗಿದಾಗ ಹಿಡಿತೇನ್ರಿ. ಮತ್ತ ಬರಿಯಾಕ ಹತ್ತಿದ್ರ ಬಿಡ್ತೇನ್ರಿ. ಪ್ರಾರ್ಥನಾಕ್ಕ ನಿಂತಾಗ ಹಿಡಿತೇನ್ರಿ. ಬಸ್ಸಿನ್ಯಾಗ ಬಾಜೂ ಕುಂತಾರು ಬೈದ್ರ ಹಿಡಿತೇನ್ರಿ. ಮತ್ತ ಅಪ್ಪನ ಗಾಡಿ ಸಪ್ಪಳ ಬಂದ ಕೂಡ್ಲೆ ಹಿಡಿತೇನ್ರಿ.”

“ಎಲ್ಲಿತನಕ?”

“ಅಪ್ಪ ಒಳಗ ಬಂದು, ನನ್ನ ನೋಡಿ, ನಗೂತನಕ್ರಿ.”

“ನಗಲಿಲ್ಲಂದ್ರ?”

ಮಗಳು ಸ್ವಲ್ಪ ಯೋಚಿಸಿದಳು.

“ಹಿತ್ತಲಕ್ಕ ಹೋಗಿ ಬಿಟ್ಟ ಬರ್ತೇನ್ರಿ.”

ನಾನು ಅಲ್ಲಿಯೇ ಜಮಖಾನೆಯ ಮೇಲೆ ಕುಳಿತೆ. ಆ ಸಂಜೆಗಳೆಲ್ಲ ಒಂದೊಂದಾಗಿ ಕಣ್ಣ ಮುಂದೆ ಬಂದವು. ನಾನು ಚಹಾ ಕುಡಿಯುತ್ತ ಆಹಾ ಎಂದ ಸಂಜೆಗಳು, ಮನೆ ಎಷ್ಟು ತಣ್ಣಗಿದೆ ಎಂದು ಹಿಗ್ಗಿದ ಸಂಜೆಗಳು. ಪುಸ್ತಕ ಹಿಡಿದು ಗೋಡೆಗೆ ಒರಗಿದ್ದ ಆ ಹುಡುಗಿ ಉಸಿರಾಡುತ್ತಿರಲಿಲ್ಲ. ಎಷ್ಟು ಸಲ ನಾನು ನಗದೆ ನೇರವಾಗಿ ನೀರು ಕುಡಿಯಲು ಹೋಗಿದ್ದೇನೆ, ಎಷ್ಟು ಸಲ ಅವಳು ಎದ್ದು ಹಿತ್ತಲಿಗೆ ಹೋಗಿದ್ದಾಳೆ, ನನಗೆ ಲೆಕ್ಕವಿಲ್ಲ. ಹಿತ್ತಲಿಗೆ ಹೋದದ್ದನ್ನು ಕಂಡಿದ್ದೆ. ಯಾಕೆ ಎಂದು ಕೇಳಿರಲಿಲ್ಲ. ಮೇಡಂಗೆ ಕ್ಷಮೆ ಕೇಳಲು ಬಾಯಿ ತೆರೆದರೆ ದನಿಯೇ ಹೊರಡಲಿಲ್ಲ. ಕಾಕಾ ಕಲಿಸಿದ ದಮ್ಮು ಎಲ್ಲಿ ಹೋಗಿತ್ತೋ ಗೊತ್ತಿಲ್ಲ.

ಮೇಡಂ ನನ್ನನ್ನು ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮಗಳ ಬೆನ್ನಿಗೆ ಅಂಗೈ ಇಡಲು ಹೇಳಿದರು. ಇಟ್ಟೆ. ಬೆನ್ನು ಹಲಗೆಯ ಹಾಗೆ ನಿಂತುಬಿಟ್ಟಿತು. ಹೆಂಡತಿಗೆ ಇಡಲು ಹೇಳಿದರು. ಅದೇ ಬೆನ್ನು ಏರಿತು, ಇಳಿಯಿತು. ನಾನು ಕಣ್ಣಾರೆ ನೋಡಿದೆ. ಕೆಲವು ವಾರ ನೀವು ಹೊರಗೆ ಕುಳಿತಿರಿ ಎಂದು ಮೇಡಂ ಮೆಲ್ಲಗೆ ಹೇಳಿದರು. ಹಾಗೆ ನಾನು, ಊರೂರಿಗೆ ಪದ ಹಾಡಿದವನು, ಪ್ರತಿ ಶನಿವಾರ ಬಟ್ಟೆ ಅಂಗಡಿಯ ಮೆಟ್ಟಿಲ ಮೇಲೆ ಚಪ್ಪಲಿಗಳ ನಡುವೆ ಕುಳಿತು, ಮುಚ್ಚಿದ ಬಾಗಿಲಿನ ಆಚೆ ನನ್ನ ಮಗಳು ಗುಂಯ್‌ಗುಡುವುದನ್ನು ಕೇಳಿದೆ. ನಾನಿಲ್ಲದ ಕಡೆ ಅವಳ ಉಸಿರು ಬಹಳ ಉದ್ದವಾಗಿತ್ತು.

ಹುಕ್ಕೇರಿಯ ಡಾಕ್ಟರಿಗೆ ಫೋನು ಮಾಡಿ ಸುಳ್ಳು ಒಪ್ಪಿಕೊಂಡೆ. ಶಾಲೆಗೂ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅಕ್ಕೋರು ಕೈಯಲ್ಲಿದ್ದ ಸೀಮೆಸುಣ್ಣ ಕೆಳಗಿಟ್ಟರು. ಉಳಿದ ಮಕ್ಕಳಿಗೆಲ್ಲ ಅವಳ ಹಾಗೆ ಕುಳಿತುಕೊಳ್ಳಿ ಅಂದುಬಿಟ್ಟೆನಲ್ಲ ಎಂದು ಆಮೇಲೆ ಕಣ್ಣಲ್ಲಿ ನೀರು ತಂದುಕೊಂಡರು. ಮೇಲಿನವರೊಂದಿಗೆ ಅವರೇ ಮಾತಾಡಿ ವರ್ಷದ ಕೊನೆಯವರೆಗೆ ಸಮಯ ಕೊಡಿಸಿದರು. ಈಗ ತರಗತಿಯ ನೋಟುಪುಸ್ತಕಗಳನ್ನು ಹಂಚುವುದು, ಕೂಡಿಸಿ ತರುವುದು ನನ್ನ ಮಗಳ ಕೆಲಸ. ಒಂದು ಪೀರಿಯಡ್ಡಿನಲ್ಲಿ ನಾಲ್ಕು ಸಲ ಎದ್ದು ಓಡಾಡುತ್ತಾಳೆ. ಔಷಧವನ್ನೂ ಡಾಕ್ಟರು ಸಣ್ಣಗೆ ಶುರು ಮಾಡಿದ್ದಾರೆ. ಮೇಳದಲ್ಲಿ ಮುಂದಾಳಿನ ಜಾಗವನ್ನು ನಾನು ಇನ್ನೊಬ್ಬರಿಗೆ ಬಿಟ್ಟುಕೊಟ್ಟೆ. ದಮ್ಮು ಕಲಿಸಲೆಂದು ಮೇಳದ ಹುಡುಗರನ್ನು ಕಾಲುವೆಗೆ ಇಳಿಸುವುದನ್ನೂ ನಿಲ್ಲಿಸಿದೆವು, ಅದಕ್ಕೆ ಕಾಕಾ ಇನ್ನೂ ನನ್ನೊಂದಿಗೆ ಸರಿಯಾಗಿ ಮಾತಾಡುವುದಿಲ್ಲ.

ಇನ್ನು ಉಳಿದದ್ದು ಗಾಡಿಯ ಸದ್ದು. ಅದಕ್ಕೆ ನಾನೇ ಒಂದು ಉಪಾಯ ಮಾಡಿದೆ. ಓಣಿಯ ತುದಿಯ ಹಿಟ್ಟಿನ ಗಿರಣಿಯ ಹತ್ತಿರವೇ ಗಾಡಿ ಬಂದ್ ಮಾಡಿ, ಮನೆಯವರೆಗೆ ದಬ್ಬಿಕೊಂಡು ಬರತೊಡಗಿದೆ. ಗಿರಣಿಯವರು ಪೆಟ್ರೋಲು ತೀರಿತೇ ಎಂದು ದಿನಾ ಕೇಳುತ್ತಿದ್ದರು. ಮೊದಲ ದಿನ ಅಂಗಳದ ಹೊರಗೆ ನಿಂತಾಗ ಒಳಗೆ ಮಗಳ ಗದ್ದಲ ಕೇಳಿಸಿತು. ಏನೋ ಬೀಳುತ್ತಿತ್ತು, ಏನೋ ಹಾಡುತ್ತಿದ್ದಳು, ನನ್ನ ಅವ್ವ ಬಯ್ಯುತ್ತಿದ್ದಳು. ನನಗೆ ಅಳು ಬರುವಷ್ಟು ಸಂತೋಷವಾಯಿತು. ಬಾಗಿಲಿನಲ್ಲಿ ಕಾಣಿಸಿಕೊಳ್ಳುತ್ತಲೇ ನಕ್ಕೆ. ನಾಲ್ಕು ದಿನ ಹೀಗೇ ನಡೆಯಿತು. ದಿನದಿಂದ ದಿನಕ್ಕೆ ಒಳಗಿನ ಗದ್ದಲ ಕಡಿಮೆಯಾಗುತ್ತಿದ್ದುದು ನನ್ನ ಗಮನಕ್ಕೆ ಬರಲಿಲ್ಲ.

ಐದನೆಯ ದಿನ ಮಗಳು ಅಂಗಳದಲ್ಲಿಯೇ ನನ್ನನ್ನು ತಡೆದಳು.

“ಅಪ್ಪಾ, ನೀ ಗಾಡಿ ಬಂದ್ ಮಾಡಿ ಬರಬ್ಯಾಡ. ಹಾರ್ನ್ ಹೊಡಕೊಂತ ಬಾ.”

ಯಾಕೆ ಎಂದು ಕೇಳಿದೆ.

“ಸಪ್ಪಳ ಇಲ್ಲಂದ್ರ ನೀ ಯಾವಾಗ ಬರ್ತಿ ಅಂತ ಗೊತ್ತಾಗಾಂಗಿಲ್ಲ. ಸಾಲಿಯಿಂದ ಬಂದಾಗಿಂದ ಹಿಡಕೊಂಡ ಕುಂಡ್ರಬೇಕಾಕ್ಕೈತಿ.”

ಅವಳು ದೂರುತ್ತಿರಲಿಲ್ಲ. ಸುಲಭದ ದಾರಿಯೊಂದನ್ನು ನನಗೆ ಹೇಳಿಕೊಡುತ್ತಿದ್ದಳು, ಅಷ್ಟೇ. ಹೇಳಿ ಒಳಗೆ ಓಡಿದಳು.

ಈಗ ಗಿರಣಿಯಿಂದಲೇ ಹಾರ್ನ್ ಹೊಡೆಯುತ್ತ ಬರುತ್ತೇನೆ. ಊರಿನವರು ನಗುತ್ತಾರೆ, ನಗಲಿ. ಹಾರ್ನ್ ಹೊಡೆದ ಕೂಡಲೇ ಮನೆಯೊಳಗಿನ ಸದ್ದು ನಿಲ್ಲುತ್ತದೆ. ಮೊದಲು ನಾನು ಒಳಗೆ ಬಂದು ನಗುವವರೆಗೂ ನಿಂತೇ ಇರುತ್ತಿತ್ತು. ಈಗ ಗಾಡಿಗೆ ಸ್ಟ್ಯಾಂಡ್ ಹಾಕುವಷ್ಟರಲ್ಲಿ ಮತ್ತೆ ಶುರುವಾಗುತ್ತದೆ. ಆದರೆ ನಾನು ಬರುವ ಸದ್ದಿಗೆ ಒಂದು ಕ್ಷಣವೂ ನಿಲ್ಲದೆ ಅದು ಮುಂದುವರಿದ ದಿನ ಇನ್ನೂ ಬಂದಿಲ್ಲ.